ಕಾರು ಕೋಟೆಬಾಗಿಲಿನವರೆಗೆ, ಅಲ್ಲಿಂದ ಮೇಲೆ?

ಊರಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬಂದಿಳಿಯುವ ಕಾಲ ಇದು. ಅವರಿರುವ ಮೂರು ತಿಂಗಳಲ್ಲಿ ಒಂದು ವಾರ ಇಟಲಿಗೆ ಮೀಸಲಿಡುವ ಮನೆಗಳು ಹೊರನಾಡಿನ ನಮ್ಮ ಕನ್ನಡ ಸಂಘದಲ್ಲಿ ಕಡಿಮೆಯೇನಲ್ಲ. ಟಸ್ಕನಿ, ಉಂಬ್ರಿಯಾಗಳ ಬೆಟ್ಟದ ಊರುಗಳ ಚಿತ್ರ ನೋಡಿದ ಮೇಲೆ ಹೋಗಬೇಕು ಅನ್ನಿಸುವುದು ಸಹಜ. ಅಮ್ಮನಿಗೆ ಮಂಡಿ ನೋವು, ಮಾವನಿಗೆ ನೂರು ಹೆಜ್ಜೆ ಹಾಕುವಷ್ಟರಲ್ಲಿ ದಮ್ಮು, ಇವರನ್ನು ಕರೆದುಕೊಂಡು ಹೋಗಬಹುದಾ ಎಂಬ ಅನುಮಾನವೂ ಅಷ್ಟೇ ಸಹಜ. ಧಾರಾಳವಾಗಿ ಹೋಗಬಹುದು. ಆದರೆ ಯಾವ ಊರಿಗೆ ಎನ್ನುವುದನ್ನು ಅದರ ಚಂದ ನೋಡಿ ತೀರ್ಮಾನಿಸಬೇಡಿ, ಅದನ್ನು ಹತ್ತುವ ದಾರಿ ನೋಡಿ ತೀರ್ಮಾನಿಸಿ.

ನಮ್ಮವರಿಗೆ ಬೆಟ್ಟ ಅಂದರೆ ಚಾಮುಂಡಿ ಬೆಟ್ಟ, ನಂದಿ ಬೆಟ್ಟ. ಶಕ್ತಿ ಇದ್ದವರು ಮೆಟ್ಟಿಲು ಹತ್ತುತ್ತಾರೆ, ಆಗದವರನ್ನು ಕಾರು ಮೇಲಿನವರೆಗೂ ಒಯ್ಯುತ್ತದೆ. ಶ್ರವಣಬೆಳಗೊಳದಲ್ಲಿ ಕಾರು ಹತ್ತದಿದ್ದರೂ ಡೋಲಿ ಇದೆ. ಇಟಲಿಯಲ್ಲಿ ಈ ಎರಡೂ ನಡೆಯುವುದಿಲ್ಲ. ಕೋಟೆಗೋಡೆಯ ಒಳಗಿನ ಹಳೇ ಊರು ಬಹುತೇಕ ಕಡೆ ‘ಝಡ್‌ಟಿಎಲ್’, ಅಂದರೆ ಪರವಾನಗಿ ಇಲ್ಲದ ವಾಹನಗಳಿಗೆ ಪ್ರವೇಶವಿಲ್ಲದ ವಲಯ. ಬಿಳಿ ವೃತ್ತ, ಸುತ್ತ ಕೆಂಪು ಅಂಚು, ಪಕ್ಕದಲ್ಲಿ ಕ್ಯಾಮೆರಾ. ಕೆಲವೆಡೆ ‘ವಾರ್ಕೊ ಅತ್ತೀವೊ’ ಎಂದು ದೀಪದ ಅಕ್ಷರ ಬೆಳಗುತ್ತಿರುತ್ತದೆ. ‘ಆ್ಯಕ್ಟಿವ್’ ಅಂತಿದೆಯಲ್ಲ, ದಾರಿ ತೆರೆದಿದೆ ಅಂದುಕೊಂಡು ನುಗ್ಗುವವರಿದ್ದಾರೆ. ಅರ್ಥ ತದ್ವಿರುದ್ಧ: ಕ್ಯಾಮೆರಾ ಕೆಲಸ ಮಾಡುತ್ತಿದೆ, ಒಳಗೆ ಬರಬೇಡಿ. ಫೋನಿನ ನಕ್ಷೆಗೆ ಈ ಗಡಿಗಳೆಲ್ಲ ಗೊತ್ತಿರುತ್ತವೆ ಎಂದು ನಂಬಬೇಡಿ. ಹೋಟೆಲಿನ ಬಾಗಿಲಿಗೆ ಅತಿ ಹತ್ತಿರದ ದಾರಿ ಕೇಳಿದರೆ ಅದು ನೇರ ಕ್ಯಾಮೆರಾದ ಕೆಳಗೇ ಕರೆದೊಯ್ಯಬಹುದು. ದಾರಿ ತಪ್ಪಿ ಎರಡು ಸಲ ಒಳಹೊಕ್ಕರೆ ಎರಡು ದಂಡ. ನಿಮ್ಮ ಹೆಸರು, ವಿಳಾಸವನ್ನು ಪೊಲೀಸರಿಗೆ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿ ಮೊದಲು ತನ್ನ ಶುಲ್ಕ ಹಿಡಿದುಕೊಳ್ಳುತ್ತದೆ, ದಂಡದ ಪತ್ರ ಬೇರೆಯಾಗಿ ಬರುತ್ತದೆ. ಹೊರದೇಶದ ವಿಳಾಸಕ್ಕೆ ಅದನ್ನು ಕಳಿಸಲು 360 ದಿನಗಳ ಅವಕಾಶವಿದೆ. ಹಾಗಾಗಿ ಎರಡು ತಿಂಗಳು ಏನೂ ಬರಲಿಲ್ಲ ಎಂದು ನಿಶ್ಚಿಂತರಾಗಬೇಡಿ. ಪತ್ರ ಕೈಸೇರಿದ ಐದು ದಿನದೊಳಗೆ ಕಟ್ಟಿದರೆ ಸಾಮಾನ್ಯವಾಗಿ ಶೇ. 30 ಕಡಿತ ಸಿಗುತ್ತದೆ.

ಹೋಟೆಲ್ ಗೋಡೆಯ ಒಳಗಿದ್ದರೆ ಸಾಮಾನು ಮತ್ತು ಹಿರಿಯರನ್ನು ಇಳಿಸಲು ಅನುಮತಿ ಸಿಗುವುದುಂಟು. ಅದಕ್ಕೆ ಕಾರಿನ ನಂಬರ್ ಬೇಕು, ಬಾಡಿಗೆ ಕಾರಿನ ನಂಬರ್ ಗೊತ್ತಾಗುವುದು ಕೀಲಿ ಕೈಗೆ ಬಂದಾಗಲೇ. ಪಾರ್ಕಿಂಗ್ ಬಿಟ್ಟು ಹೊರಡುವ ಮೊದಲೇ ನಂಬರ್ ಪ್ಲೇಟಿನ ಫೋಟೊವನ್ನು ಹೋಟೆಲಿಗೆ ಕಳಿಸಿ, ‘ನೋಂದಾಯಿಸಿದ್ದೇವೆ’ ಎಂಬ ಉತ್ತರ ಬರಹದಲ್ಲಿ ಬಂದ ಮೇಲಷ್ಟೇ ಒಳಗೆ ಹೋಗಿ.

ಕಾರು ಹೊರಗೇ ನಿಲ್ಲುತ್ತದೆ ಎಂದಾದರೆ, ಹತ್ತುವುದು ಹೇಗೆ? ಈ ವಿಷಯದಲ್ಲಿ ಉಂಬ್ರಿಯಾದವರು ಮಾಡಿರುವ ಕೆಲಸಕ್ಕೆ ಕೈಮುಗಿಯಬೇಕು. ಬೆಟ್ಟದ ಬುಡದಲ್ಲಿ ಪಾರ್ಕಿಂಗ್, ಅಲ್ಲಿಂದ ಬಂಡೆಯ ಒಳಗೇ ಕೊರೆದ ಲಿಫ್ಟು, ಎಸ್ಕಲೇಟರು. ಇವರ ಮಾತಿನಲ್ಲಿ ಲಿಫ್ಟಿಗೆ ‘ಅಶೆನ್ಸೋರೆ’, ಎಸ್ಕಲೇಟರಿಗೆ ‘ಸ್ಕಾಲೆ ಮೋಬಿಲಿ’. ಈ ಎರಡು ಪದ ಗೊತ್ತಿದ್ದರೆ ಅರ್ಧ ಬೆಟ್ಟ ಹತ್ತಿದಂತೆ.

ಮೊದಲ ಊರಾಗಿ ನಾವು ಹೇಳುವುದು ಪೆರೂಜಾ. ಪಾರ್ತಿಜಾನಿ ಚೌಕದ ಪಾರ್ಕಿಂಗ್‌ನಲ್ಲಿ ಕಾರು ಬಿಟ್ಟರೆ ಎಸ್ಕಲೇಟರ್‌ಗಳ ಸಾಲು ರೊಕ್ಕಾ ಪಾವೊಲಿನಾ ಕೋಟೆಯ ಹೊಟ್ಟೆಯೊಳಗಿಂದ ಮೇಲೇರುತ್ತದೆ. ಪೋಪ್ ಮೂರನೇ ಪಾಲ್ 1540ರ ದಶಕದಲ್ಲಿ ಒಂದು ಇಡೀ ಕೇರಿಯ ಮೇಲೆ ಕಟ್ಟಿಸಿದ ಕೋಟೆ ಅದು. ಆ ಕೇರಿಯ ಬೀದಿ, ಮನೆಗಳ ಗೋಡೆ, ಬಾಗಿಲುಗಳು ಇಟ್ಟಿಗೆಯ ಕಮಾನುಗಳ ಕೆಳಗೆ ಹಾಗೇ ಉಳಿದಿವೆ. ಮಂಡಿ ಬಗ್ಗಿಸದೆ ಅಷ್ಟನ್ನೂ ನೋಡುತ್ತ ಮೇಲೆ ಬಂದರೆ ಇತಾಲಿಯಾ ಚೌಕ. ಅಲ್ಲಿಂದ ಶುರುವಾಗುವ ಕೊರ್ಸೊ ವನ್ನೂಚಿ ಅಗಲವಾದ, ಹೆಚ್ಚುಕಡಿಮೆ ಸಮತಟ್ಟಾದ ಬೀದಿ. ಅದರ ಇನ್ನೊಂದು ತುದಿಯಲ್ಲಿ 1270ರ ದಶಕದ ಕಲ್ಲಿನ ಕಾರಂಜಿ. ವೀಲ್‌ಚೇರ್ ಇದ್ದವರಿಗೆ ಎಸ್ಕಲೇಟರ್ ಬೇಡ. ಪಿಯಾನ್ ದಿ ಮಸ್ಸಿಯಾನೊದ ದೊಡ್ಡ ಪಾರ್ಕಿಂಗ್‌ನಿಂದ 2008ರಲ್ಲಿ ಶುರುವಾದ ಮಿನಿಮೆಟ್ರೊ ಎಂಬ ಪುಟ್ಟ ರೈಲು ಹಿಡಿಯುವುದೇ ಸರಿ.

ಓರ್ವಿಯೆತೊದಲ್ಲಿ ಎರಡು ದಾರಿ. ರೈಲು ನಿಲ್ದಾಣದ ಎದುರಿಂದ ಹಗ್ಗದ ರೈಲು ಹತ್ತಿದರೆ ಕಾಹೆನ್ ಚೌಕ, ಅಲ್ಲಿಂದ ಡುವೊಮೊ ಚರ್ಚಿನವರೆಗೆ ಪುಟ್ಟ ಬಸ್ಸು. ಊರಿನ ಇನ್ನೊಂದು ಪಕ್ಕದ ಕಾಂಪೊ ದೆಲ್ಲಾ ಫಿಯೆರಾ ಪಾರ್ಕಿಂಗ್‌ನಲ್ಲಿ ಲಿಫ್ಟೂ ಇದೆ, ಎಸ್ಕಲೇಟರೂ ಇದೆ. ಆದರೆ ಮೇಲೆ ಬಂದ ಮೇಲೆ ಡುವೊಮೊಗೆ ನಡಿಗೆ ಬಾಕಿ ಇರುತ್ತದೆ. ನಡೆಯುವುದೇ ಕಷ್ಟ ಎನ್ನುವವರಿಗೆ ಮೊದಲನೆಯದೇ ವಾಸಿ. ಕಾಹೆನ್ ಚೌಕದ ಪಕ್ಕದಲ್ಲೇ ಸಾನ್ ಪತ್ರೀಜಿಯೊ ಬಾವಿ ಇದೆ. ಬಲು ಸೊಗಸಾದ ಬಾವಿ, ಆದರೆ 248 ಮೆಟ್ಟಿಲು ಇಳಿದು ಮತ್ತೆ 248 ಹತ್ತಬೇಕು. ಬಂದದ್ದು ಬಂದಿದ್ದೇವೆ, ಅರ್ಧ ಇಳಿದು ನೋಡೋಣ ಅನ್ನುವ ಹಾಗಿಲ್ಲ: ಇಳಿಯುವ ಸುರುಳಿ ಬೇರೆ, ಹತ್ತುವ ಸುರುಳಿ ಬೇರೆ.

ತೋದಿಯಲ್ಲಿ ಪೋರ್ತಾ ಓರ್ವಿಯೆತಾನಾ ಪಾರ್ಕಿಂಗ್‌ನಿಂದ ಓರೆಯಾಗಿ ಹತ್ತುವ ಲಿಫ್ಟ್ ಇದೆ. ಸ್ಪೊಲೆತೊದಲ್ಲಿ ಮೂರು ಕಡೆಯಿಂದ ಎಸ್ಕಲೇಟರು, ಚಲಿಸುವ ಹಾಸುಗಳ ಜಾಲವಿದೆ. ಅಲ್ಲಿನ ಡುವೊಮೊ ಅಗಲವಾದ ಮೆಟ್ಟಿಲುಸಾಲಿನ ಬುಡದಲ್ಲಿರುವುದರಿಂದ ಇಳಿಯದೆ ಮೇಲಿನಿಂದಲೇ ಕಣ್ತುಂಬ ನೋಡಬಹುದು. ಟಸ್ಕನಿಯ ಕೊರ್ತೋನಾ, ಸಿಯೆನಾಗಳಲ್ಲೂ ಎಸ್ಕಲೇಟರ್‌ಗಳಿವೆ. ಚಿವಿತಾ ದಿ ಬಾನ್ಯೊರೆಜೊ ಮಾತ್ರ ಬೇಡವೇ ಬೇಡ. ಕಾಲ್ನಡಿಗೆಯ ಉದ್ದ ಸೇತುವೆಯೊಂದೇ ದಾರಿ, ಕೊನೆಯಲ್ಲಿ ಕಡಿದಾದ ಏರು. ಎದುರಿನ ಗುಡ್ಡದಿಂದ ನೋಡಿ ಬರುವುದೇ ಸರಿ.

ಹಿರಿಯರನ್ನು ಮೇಲೆ ಇಳಿಸಿಬಿಡಿ, ಅವರು ನಿಧಾನ ಕೆಳಗೆ ನಡೆದು ಬರಲಿ ಎಂದು ಸಲಹೆ ಕೊಡುವವರಿದ್ದಾರೆ. ದಮ್ಮಿನ ತೊಂದರೆ ಇದ್ದವರಿಗೆ ಇದು ಒಳ್ಳೆಯದೇ. ಮಂಡಿ ನೋವಿನವರಿಗೆ ಇದು ಶಿಕ್ಷೆ. ಇಳಿಯುವಾಗ ಪ್ರತಿ ಹೆಜ್ಜೆಯಲ್ಲೂ ಬಗ್ಗಿದ ಮಂಡಿಯೇ ಮೈಭಾರವನ್ನು ತಡೆದು ನಿಲ್ಲಿಸಬೇಕು. ಹತ್ತುವಾಗ ತಡೆದುಕೊಂಡ ನೋವು ಹೊರಬರುವುದು ಇಳಿಯುವಾಗಲೇ. ಅಸ್ಸಿಸಿಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಮೇಲಿನ ಮತ್ತೇವೊತ್ತಿ ಚೌಕದಲ್ಲಿ ಪಾರ್ಕ್ ಮಾಡಿದರೆ ಸಂತ ಫ್ರಾನ್ಸಿಸ್ ಬಸಿಲಿಕಾದವರೆಗೆ ಹೆಚ್ಚಾಗಿ ಇಳಿಜಾರೇ. ಮಾವನಿಗೆ ಅದು ಸರಿ, ಅಮ್ಮನಿಗೆ ಊರೊಳಗಿನ ಪುಟ್ಟ ಬಸ್ಸೇ ಸರಿ. ಹೊರಡುವ ಮೊದಲು ನಿಮ್ಮ ಹಿರಿಯರನ್ನು ಕೇಳಿ: ಹತ್ತುವುದು ಕಷ್ಟವೋ, ಇಳಿಯುವುದು ಕಷ್ಟವೋ, ನಿಲ್ಲುವುದು ಕಷ್ಟವೋ? ‘ನಡೀತೀನಿ ಬಿಡಪ್ಪ’ ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ.

ವೀಲ್‌ಚೇರ್ ತಳ್ಳುವವರು ಒಂದು ಲೆಕ್ಕ ಇಟ್ಟುಕೊಳ್ಳಿ. ಎಪ್ಪತ್ತು ಕೆಜಿ ತೂಕದವರು, ಹದಿನೈದು ಕೆಜಿಯ ಕುರ್ಚಿ. ಹನ್ನೆರಡಕ್ಕೆ ಒಂದರ, ಅಂದರೆ ಹನ್ನೆರಡು ಅಡಿ ಸಾಗಿದರೆ ಒಂದಡಿ ಏರುವ, ರ‍್ಯಾಂಪ್‌ನಲ್ಲಿ ತಳ್ಳಲು ಸುಮಾರು ಏಳು ಕೆಜಿ ಎತ್ತುವಷ್ಟು ಬಲ ಸಾಕು. ಈ ಊರುಗಳ ಕಡಿದಾದ ಗಲ್ಲಿಗಳಲ್ಲಿ ಏರು ಐದಕ್ಕೆ ಒಂದಾದರೆ ಸುಮಾರು ಹದಿನೇಳು ಕೆಜಿ, ಅದೂ ಒಂದು ಕ್ಷಣ ಕೈ ಬಿಡದಂತೆ. ಕಲ್ಲುಹಾಸಿನ ಸಂದಿಗೆ ಮುಂದಿನ ಚಿಕ್ಕ ಚಕ್ರಗಳು ಸಿಕ್ಕಿ ಕುರ್ಚಿ ಥಟ್ಟನೆ ನಿಲ್ಲುತ್ತದೆ, ಕೂತವರು ಮುಂದಕ್ಕೆ ಜಾರುತ್ತಾರೆ. ಕುರ್ಚಿಯನ್ನು ತುಸು ಹಿಂದಕ್ಕೆ ವಾಲಿಸಿ ದೊಡ್ಡ ಚಕ್ರಗಳ ಮೇಲೆ ನಡೆಸಿ. ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿ. ಊರುಗೋಲು ಇದ್ದರೆ ಅದರ ರಬ್ಬರ್ ಬುಡ ಸವೆದಿಲ್ಲವೇ ನೋಡಿ. ನುಣುಪಾದ ಕಲ್ಲು ಮಳೆಗೆ ನೆನೆದರೆ ಸವೆದ ರಬ್ಬರ್ ನಿಲ್ಲುವುದಿಲ್ಲ. ಎಸ್ಕಲೇಟರ್ ಹತ್ತುವ ಮುನ್ನ ಸೀರೆಯ ಅಂಚನ್ನು ನಾಲ್ಕು ಬೆರಳು ಮೇಲೆ ಸಿಕ್ಕಿಸಿಕೊಳ್ಳಲು ಹೇಳಿ.

ಕಾರಿನ ಆಯ್ಕೆಯಲ್ಲಿ ನೋಡಬೇಕಾದದ್ದು ಸೀಟಿನ ಎತ್ತರ. ಪಕ್ಕದಲ್ಲಿ ನಿಂತಾಗ ಸೀಟಿನ ಅಂಚು ಮಂಡಿಗಿಂತ ನಾಲ್ಕು ಬೆರಳು ಮೇಲಿದ್ದರೆ ಕೂರುವುದೂ ಸುಲಭ, ಏಳುವುದೂ ಸುಲಭ. ಉದ್ದನೆಯ ಸೆಡಾನ್‌ಗಳು ತೀರಾ ತಗ್ಗು, ದೊಡ್ಡ ಎಸ್‌ಯುವಿಗಳು ತೀರಾ ಎತ್ತರ. ಫಿಯೆಟ್ ಪಾಂಡಾದಂಥ ನೆಟ್ಟಗೆ ಕೂರುವ ಪುಟ್ಟ ಕಾರು ಗಲ್ಲಿಗೂ ಹೊಂದುತ್ತದೆ, ಮಂಡಿಗೂ ಹೊಂದುತ್ತದೆ. ಎರಡೇ ಬಾಗಿಲಿನ ಕಾರು ಖಂಡಿತ ಬೇಡ. ಭಾರತದಲ್ಲಿ ಮುಂದಿನ ಸೀಟಿಗೆ ಎಡಗಡೆಯಿಂದ ಹತ್ತುವ ರೂಢಿ, ಅಂದರೆ ಬಲಗಾಲು ಮೊದಲು ಒಳಗೆ, ಎಡಗಾಲಿನ ಮೇಲೆ ಭಾರ. ಇಟಲಿಯಲ್ಲಿ ಬಲಗಡೆಯಿಂದ ಹತ್ತಬೇಕಾಗಿರುವುದರಿಂದ ಭಾರ ಬಲಮಂಡಿಗೆ ಬೀಳುತ್ತದೆ. ಬಲಮಂಡಿ ನೋವಿದ್ದವರು ಒಂದೇ ದಿನದಲ್ಲಿ ಸೋತುಹೋಗುವುದಕ್ಕೆ ಇದೂ ಕಾರಣ. ಕಾರಿಗೆ ಬೆನ್ನು ಮಾಡಿ ಮೊದಲು ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿದರೆ ಈ ಪೆಟ್ಟು ತಪ್ಪುತ್ತದೆ. ಸೀಟಿನ ಮೇಲೊಂದು ಪ್ಲಾಸ್ಟಿಕ್ ಚೀಲ ಹಾಸಿದರೆ ತಿರುಗುವುದು ಸಲೀಸು. ಕಾರು ಹೊರಡುವ ಮೊದಲು ಅದನ್ನು ಎಳೆದು ತೆಗೆಯಲು ಮರೆಯಬೇಡಿ.

ಇಳಿಜಾರಿನಲ್ಲಿ ಕಾರಿನ ಮೂತಿ ಮೇಲ್ಮುಖವಾಗಿ ನಿಂತಿದ್ದರೆ ಬಾಗಿಲು ತಾನಾಗಿ ಮುಚ್ಚಿಕೊಂಡು ಇಳಿಯುವವರ ಮೊಳಕಾಲಿಗೆ ಬಡಿಯುತ್ತದೆ. ಕೆಳಮುಖವಾಗಿದ್ದರೆ ಕೈಯಿಂದ ಕಿತ್ತುಕೊಂಡು ತೆರೆದುಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಹಿರಿಯರನ್ನು ಇಳಿಸಿದ ಮೇಲೆಯೇ ಪಾರ್ಕ್ ಮಾಡಲು ಹೋಗಿ. ಗೇರ್ ಇಲ್ಲದ ಕಾರು ಬೇಕಿದ್ದರೆ ತಿಂಗಳುಗಳ ಮೊದಲೇ ಕಾದಿರಿಸಿ. ಊರಿಂದ ಬಂದ ತಮ್ಮನೋ ಭಾವನೋ ಓಡಿಸುವುದಾದರೆ ಅವರು ಹೊರಡುವ ಮುನ್ನವೇ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡಿರಬೇಕು.

ಪಾರ್ಕಿಂಗ್ ಗೆರೆಗಳ ಬಣ್ಣ: ಬಿಳಿ ಉಚಿತ, ನೀಲಿಗೆ ದುಡ್ಡು, ಹಳದಿ ಮೀಸಲು. ಅಂಗವಿಕಲರ ಹಳದಿ ಜಾಗಕ್ಕೆ ಪಾರ್ಕಿಂಗ್ ಕಾರ್ಡ್ ಬೇಕು. ಭಾರತದ ಯುಡಿಐಡಿ ಗುರುತಿನ ಚೀಟಿ ಪಾರ್ಕಿಂಗ್ ಕಾರ್ಡ್ ಅಲ್ಲ.

ಲಿಫ್ಟಿನ ಬಾಗಿಲಲ್ಲಿ ‘ಫ್ವೋರಿ ಸೆರ್ವಿತ್ಸಿಯೊ’ ಎಂಬ ಚೀಟಿ ಕಂಡರೆ ಅದು ಕೆಟ್ಟಿದೆ ಎಂದರ್ಥ. ಹಿರಿಯರನ್ನು ಕಾರಿನಿಂದ ಇಳಿಸುವ ಮೊದಲು ಒಬ್ಬರು ಹೋಗಿ ನೋಡಿ ಬನ್ನಿ. ಕೆಟ್ಟಿದ್ದರೆ ಮೆಟ್ಟಿಲು ಹತ್ತಿಸುವ ಸಾಹಸ ಬೇಡ, ಬೇರೆ ಊರಿಗೆ ಕಾರು ತಿರುಗಿಸಿ. ಟಸ್ಕನಿಯ ದಕ್ಷಿಣದಲ್ಲಿದ್ದರೆ ಪಿಯೆಂಝಾಕ್ಕೆ ಹೋಗಿ. ಅದು ಗುಡ್ಡದ ಮೇಲಿದ್ದರೂ ಊರೊಳಗಿನ ಮುಖ್ಯ ಬೀದಿ ಬಹುಮಟ್ಟಿಗೆ ಸಮತಟ್ಟು. ಚರ್ಚಿನ ಹಿಂಬದಿಗೆ ಹೋದರೆ ಕೋಟೆಗೋಡೆಯ ಗುಂಟ ಕಾಲುದಾರಿ. ಕೆಳಗೆ ಓರ್ಚಾ ಕಣಿವೆಯ ಹೊಲಗಳು, ಆಚೆ ಅಮಿಯಾತಾ ಪರ್ವತ. ಸಂಜೆ ಬಿಸಿಲಿಳಿದ ಮೇಲೆ ಹೋಗಿ, ಅಮ್ಮನಿಗೆ ಕೂರಲು ಜಾಗ ನೋಡಿ, ಹೊತ್ತು ಮುಳುಗುವವರೆಗೂ ಅಲ್ಲೇ ಇರಿ.