ಒಂಬತ್ತನೇ ಕ್ಲಾಸಿನ ಮಗಳಿಗೆ ಯಾವ ಪುಸ್ತಕ?

ಮಾನ್ಯರೇ, ಒಂಬತ್ತನೇ ಕ್ಲಾಸಿನ ಮಗಳಿಗೆ ಕನ್ನಡ ಕಾದಂಬರಿ ತರೋಣ ಅಂತ ಮೊನ್ನೆ ಪುಸ್ತಕದ ಅಂಗಡಿಗೆ ಹೋಗಿದ್ದೆ, ಅಲ್ಲಿ ಮಕ್ಕಳ ಸೆಕ್ಷನ್ ಅಂದ್ರೆ ನರಿ, ಕಾಗೆ, ತೆನಾಲಿ ರಾಮ, ಅದು ಬಿಟ್ರೆ ಸೀದಾ ದೊಡ್ಡವರ ಕಾದಂಬರಿ, ಮಧ್ಯದಲ್ಲಿ ಏನೂ ಇಲ್ಲ. ಇಂಗ್ಲಿಷ್ ಕಡೆ 'ಯಂಗ್ ಅಡಲ್ಟ್', ಅಂದ್ರೆ ಹದಿಹರೆಯದವರಿಗೆ ಅಂತಲೇ ಒಂದಿಡೀ ರ‍್ಯಾಕ್. ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡ್ತಿದೆ ಸರಿ, ಆದ್ರೆ ಅದು 9ರಿಂದ 16 ವರ್ಷದವರ ಪುಸ್ತಕಕ್ಕೆ, ಒಂಬತ್ತರ ಹುಡುಗನೂ ಹದಿನಾರರ ಹುಡುಗೀನೂ ಒಂದೇ ಕಥೆ ಓದ್ತಾರಾ ಸ್ವಾಮಿ?

ಕೊನೆಗೆ ತೇಜಸ್ವಿಯವರ 'ಕರ್ವಾಲೊ' ತಂದೆ. 1980ರದ್ದು, ಹಾರೋ ಓತಿ ಹುಡುಕ್ಕೊಂಡು ಕಾಡಿಗೆ ಹೋಗೋ ಕಥೆ, ಹದಿಹರೆಯದವರಿಗೆ ಅಂತ ಬರೆದದ್ದೇನಲ್ಲ. ಮೊದಲು ಮುಖ ಗಂಟು ಹಾಕ್ಕೊಂಡೇ ಓದಿದ್ಲು, ಮಂದಣ್ಣನ ಮದುವೆ ಫಜೀತಿ ಬಂದ್ಮೇಲೆ ಊಟಕ್ಕೆ ಕರೆದ್ರೂ ಏಳ್ಲಿಲ್ಲ. ನಮ್ಮ ಮನೆಯವರು ಮಾತ್ರ ಲವ್ ಗಿವ್ ಏನಾದ್ರೂ ಇದ್ಯಾ ಅಂತ ಪುಟ ತಿರುವಿ ನೋಡಿದ್ರು, ಅದೇ ಮಗಳ ಕೈಲಿ ದಿನವಿಡೀ ಮೊಬೈಲ್ ಇರೋದು ಅವರಿಗೆ ನೆನಪಿಲ್ಲ!

ಲೈಬ್ರರಿಗಳಲ್ಲಿ ಹೈಸ್ಕೂಲ್ ಮಕ್ಕಳಿಗೆ ಅಂತ ಒಂದು ಶೆಲ್ಫ್ ಬೇರೆ ಮಾಡಿ, ಅದ್ರಲ್ಲಿ ಏನಿಡ್ಬೇಕು ಅಂತ ಅವರನ್ನೇ ಕೇಳಿದ್ರೆ ಆಗಲ್ವಾ? ಈಗ ಮಗಳಿಗೆ ತೇಜಸ್ವಿಯವರದ್ದೇ 'ಜುಗಾರಿ ಕ್ರಾಸ್' ಬೇಕಂತೆ, ಹುಡುಕ್ತಾ ಇದ್ದೀನಿ.

- ಒಬ್ಬ ತಾಯಿ, ಹಾಸನ