ನಿಮ್ಮ ಲೈಸೆನ್ಸ್ ಯಾವತ್ತು ಮುಗಿಯುತ್ತದೆ?

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿರುವ ಡಾಕ್ಟರು, ನರ್ಸ್‌ಗಳು ದಯವಿಟ್ಟು ತಮ್ಮ ಲೈಸೆನ್ಸ್ ಅವಧಿಯನ್ನು ಇವತ್ತೇ ನೋಡಿಕೊಳ್ಳಿ.

ನವೀಕರಣ ಸ್ವಲ್ಪ ತಡವಾದರೆ ದಂಡ ಕಟ್ಟಿದರಾಯ್ತು ಅಂತ ತುಂಬ ಜನ ಅಂದುಕೊಂಡಿದ್ದಾರೆ. ದಂಡ ಚಿಕ್ಕ ವಿಷಯ. ಅವಧಿ ಮುಗಿದ ಮೇಲೆ ರೋಗಿಯನ್ನು ನೋಡಿದರೆ, ಔಷಧಿ ಬರೆದುಕೊಟ್ಟರೆ, ಲೈಸೆನ್ಸ್ ಇಲ್ಲದೆ ಕೆಲಸ ಮಾಡಿದ ಹಾಗೇ ಆಗಬಹುದು. ಮರೆತುಹೋಯ್ತು ಅಂದರೆ ಸಾಮಾನ್ಯವಾಗಿ ಯಾರೂ ಒಪ್ಪುವುದಿಲ್ಲ. ಆ ದಿನಗಳಲ್ಲಿ ಏನಾದರೂ ಹೆಚ್ಚುಕಡಿಮೆಯಾಗಿ ಕೇಸ್ ಬಿದ್ದರೆ ವಿಮೆ ಕಂಪನಿ ಹಣ ಕೊಡಲು ಒಪ್ಪದೇ ಇರಬಹುದು. ಚಿಕಿತ್ಸೆ ಸರಿಯಾಗೇ ಕೊಟ್ಟಿದ್ದರೂ ಅಷ್ಟೇ. ನನಗೆ ಜಾಸ್ತಿ ಭಯ ಇದೇ.

ದೀರ್ಘ ರಜೆಯಲ್ಲಿರುವವರು, ಬೇರೆ ದೇಶಕ್ಕೆ ಹೋದವರು ಸುಮ್ನೆ ಬಿಟ್ಟುಬಿಡಬೇಡಿ. ತುಂಬ ಕಾಲ ಬಿಟ್ಟರೆ ಮತ್ತೆ ಪರೀಕ್ಷೆ, ತರಬೇತಿ ಕೇಳಬಹುದು. ‘ಸದ್ಯಕ್ಕೆ ಕೆಲಸದಲ್ಲಿಲ್ಲ’ ಅಂತ ದಾಖಲಿಸುವ ಅವಕಾಶ ಎಷ್ಟೋ ಕಡೆ ಇದೆ, ವಿಚಾರಿಸಿ.

ಲೈಸೆನ್ಸ್ ಕೊಡುವ ಕೌನ್ಸಿಲ್‌ನಲ್ಲಿ ನಿಮ್ಮ ಹಳೇ ಇಮೇಲ್ ಇದ್ದರೆ ನೆನಪಿಸುವ ಪತ್ರ ಅಲ್ಲಿಗೇ ಹೋಗುತ್ತದೆ, ಅಲ್ವಾ? ಮೊದಲು ಅದನ್ನು ಬದಲಾಯಿಸಿ. ನವೀಕರಣಕ್ಕೆ ಕೇಳುವ ನಿರಂತರ ಶಿಕ್ಷಣದ (ಕೆಲಸದಲ್ಲಿದ್ದುಕೊಂಡೇ ಮಾಡುವ ಕಲಿಕೆಯ) ಅಂಕಗಳನ್ನು ಗಳಿಸುವುದನ್ನು ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ.

ಈಗಾಗಲೇ ಮುಗಿದಿದ್ದರೆ ಮುಚ್ಚಿಡಬೇಡಿ. ರೋಗಿಗಳನ್ನು ನೋಡುವುದು ನಿಲ್ಲಿಸಿ, ಆಸ್ಪತ್ರೆಗೂ ಕೌನ್ಸಿಲ್‌ಗೂ ಅವತ್ತೇ ತಿಳಿಸಿ.