ತುರುಗಳಿಗಾಗಿ ಮಡಿದವನ ಕಲ್ಲು: ಗೆಳೆಯನಿಗೊಂದು ಪತ್ರ

ಶಿವಮೊಗ್ಗ

ಪ್ರೀತಿಯ ಗೆಳೆಯಾ,

ಶಿವಪ್ಪ ನಾಯಕನ ಅರಮನೆಯ ಅಂಗಳದಲ್ಲಿ ನಿಲ್ಲಿಸಿರುವ ವೀರಗಲ್ಲುಗಳ ನಡುವೆ ಕಾಲೇಜಿನ ದಿನಗಳಲ್ಲಿ ನಾವಿಬ್ಬರೂ ಎಷ್ಟೋ ಸಂಜೆ ಕಳೆದೆವು. ಆದರೆ ಒಂದು ಕಲ್ಲಿನ ಮುಂದೆಯೂ ನಿಂತು ನೋಡಲಿಲ್ಲ. ಅವು ಯಾವ ಊರಿನವು, ಅಲ್ಲಿ ಸತ್ತವರು ಯಾರು ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಈ ವಯಸ್ಸಿನಲ್ಲಿ. ದೀಪಾವಳಿ ಮುಗಿದ ಮೇಲೆ ಮೂರು ದಿನ ರಜೆ ಹಾಕಿ ಶಿಕಾರಿಪುರ, ಶಿರಾಳಕೊಪ್ಪದ ಕಡೆಗೆ ಹೋಗಿ ಬಂದೆ. ಅಲ್ಲಿ ಕಂಡದ್ದನ್ನು ನಿನಗೆ ಹೇಳದೆ ಇರಲಾರೆ.

ಮೊದಲು ತಾಳಗುಂದಕ್ಕೆ ಹೋದೆ. ಪ್ರಣವೇಶ್ವರ ದೇವಾಲಯದ ಮುಂದಿರುವ ಕಂಬದ ಮೇಲೆ, ಐದನೆಯ ಶತಮಾನದಲ್ಲಿ ಶಾಂತಿವರ್ಮನ ಕಾಲಕ್ಕೆ, ಕುಬ್ಜನೆಂಬ ಕವಿ ಕದಂಬರ ಕಥೆಯನ್ನು ಸಂಸ್ಕೃತದಲ್ಲಿ ಬರೆದಿದ್ದಾನೆ. ವೇದ ಕಲಿಯಲು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ರಾವುತನೊಬ್ಬನೊಡನೆ ಜಗಳವಾಗಿ ಅವಮಾನಗೊಂಡು, ದರ್ಭೆ ಸಮಿತ್ತುಗಳನ್ನು ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದನೆಂಬ ಮಾತು ಅಲ್ಲಿದೆ. ನಮ್ಮ ನಾಡಿನ ಮೊದಲ ರಾಜಮನೆತನದ ಹುಟ್ಟೇ ಹೀಗೆ ಒಂದು ಜಗಳದ ನೆನಪಾಗಿ ಕಲ್ಲಿನಲ್ಲಿ ಉಳಿದಿರುವುದನ್ನು ಕಂಡು ಬಹಳ ಹೊತ್ತು ಸುಮ್ಮನೆ ನಿಂತೆ.

ಬಳ್ಳಿಗಾವಿ ಅಲ್ಲಿಂದ ದೂರವಿಲ್ಲ. ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳನ್ನು ನೀನು ಬಲ್ಲೆ. 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಗಂಡಭೇರುಂಡನ ಕಂಬದ ಅಡಿಯಲ್ಲಿ ನಿಂತು ಕತ್ತೆತ್ತಿ ನೋಡಿದರೆ, ಬನವಾಸಿ ಹನ್ನೆರಡು ಸಾವಿರವೆಂಬ ಸೀಮೆಯನ್ನು ಆಳಿದವರ ಹಮ್ಮು ಎಷ್ಟೆತ್ತರದ್ದೆಂದು ತಿಳಿಯುತ್ತದೆ. ಕೆರೆ ನೀರು, ಭತ್ತ, ವ್ಯಾಪಾರ ಎಲ್ಲವೂ ಇದ್ದ ಈ ಸೀಮೆಗಾಗಿ ಕಲ್ಯಾಣದ ಚಾಲುಕ್ಯರ ನಂತರ ಕಳಚುರಿಗಳು, ಹೊಯ್ಸಳರು, ಸೇವುಣರು ಒಬ್ಬರ ಮೇಲೊಬ್ಬರು ಏರಿ ಬಂದರು. ದೊಡ್ಡವರ ಆ ಕಾಳಗಗಳ ಸಂದಿಯಲ್ಲಿ ಊರೂರಿನ ನಡುವೆ ನಡೆದ ಸಣ್ಣ ಕಾಳಗಗಳಿಗೆ ಲೆಕ್ಕವೇ ಇಲ್ಲ. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋಗುವುದು, ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೇಲೆ ಕೈ ಮಾಡಿದಾಗ ಎದ್ದ ಕೂಗು, ಊರಳಿವು ಎಂದರೆ ಊರೇ ಹಾಳಾಗುವುದು. ಕಾಳಗಗಳಿಗೆ ಶಾಸನಗಳು ಇಟ್ಟಿರುವ ಹೆಸರುಗಳಿವು. ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಪ್ರಕಟಿಸಿದ ನಮ್ಮ ಜಿಲ್ಲೆಯ ಎರಡು ಶಾಸನ ಸಂಪುಟಗಳನ್ನು ತಿರುವಿದರೆ ಇಂಥ ಸಾವುಗಳು ಪುಟಪುಟಕ್ಕೂ ಸಿಗುತ್ತವೆ.

ನಾನು ನಿನಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ಒಂದು ಕಲ್ಲಿನ ವಿಷಯ. ಮುಖ್ಯ ರಸ್ತೆ ಬಿಟ್ಟು ಗದ್ದೆಯ ಅಂಚಿನ ಮೇಲೆ ಅರ್ಧ ಗಂಟೆ ನಡೆದರೆ ಕಾಡಂಚಿನಲ್ಲಿ ಆಳೆತ್ತರದ ಬಳಪದ ಕಲ್ಲೊಂದು ತುಸು ವಾಲಿಕೊಂಡು ನಿಂತಿದೆ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ಒಬ್ಬನೇ ಗಂಡಸು, ಅವನ ಎದುರಿಗೆ ನಾಲ್ವರು, ಕಾಲಡಿಯಲ್ಲಿ ಬಿದ್ದವನೊಬ್ಬ. ಅವನ ಬೆನ್ನ ಹಿಂದೆ ಅಂಗೈಯಷ್ಟು ಜಾಗದಲ್ಲಿ ಐದು ಹಸುಗಳನ್ನು ಒಂದರ ಮೇಲೊಂದು ಬರುವಂತೆ ಕೆತ್ತಿದ್ದಾರೆ. ಅವುಗಳಲ್ಲಿ ಒಂದು ಮಾತ್ರ ಕತ್ತು ಹೊರಳಿಸಿ ಹಿಂದಕ್ಕೆ, ಅವನ ಕಡೆಗೆ ನೋಡುತ್ತಿದೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಒಯ್ಯುತ್ತಿದ್ದಾರೆ. ಮೇಲೆ ಲಿಂಗ, ಪೂಜೆ ಮಾಡುವವನು, ಕೈಮುಗಿದು ಕುಳಿತ ಅದೇ ವೀರ, ತುದಿಯಲ್ಲಿ ಸೂರ್ಯ ಚಂದ್ರರು. ಪಟ್ಟಿಕೆಗಳ ನಡುವಿನ ಬರಹ ಸವೆದಿದೆ. ನೀರು ಚಿಮುಕಿಸಿ ಓರೆ ಬಿಸಿಲಿನಲ್ಲಿ ನೋಡಿದಾಗ ‘ತುರುವಂ ಮಗುಳ್ಚಿ’ ಎಂಬಷ್ಟು ನನಗೆ ಕಂಡಿತು. ದನಗಳನ್ನು ಮರಳಿಸಿ, ಎಂದು ಅದರ ಅರ್ಥ. ದನಗಳು ಮನೆಗೆ ಬಂದವು, ಅವನು ಬರಲಿಲ್ಲ.

ಪಕ್ಕದಲ್ಲಿಯೇ ಒಂದು ಮಾಸ್ತಿಕಲ್ಲು, ಗಂಡನ ಚಿತೆಯೇರಿದ ಹೆಂಗಸಿನ ನೆನಪಿನ ಕಲ್ಲು, ಇದೆ. ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮಡಿಸಿ ಎತ್ತಿದ ಕೈ, ಅದರ ತುಂಬ ಬಳೆ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ಮೈಗೆ ರಣದಲ್ಲಿ ಸಾಯುವ ಚಿಂತೆ ಏತಕ್ಕೆ ಎಂದು ಕೇಳುವ ಸಂಸ್ಕೃತ ಶ್ಲೋಕ ಎಷ್ಟೋ ವೀರಗಲ್ಲುಗಳ ಮೇಲೆ ಇದೆಯಲ್ಲ, ಆ ಬಳೆಗಳನ್ನು ನೋಡಿದ ಮೇಲೆ ಅದನ್ನು ಒಪ್ಪಿಕೊಳ್ಳುವುದು ನನ್ನಿಂದಾಗಲಿಲ್ಲ. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಡುತ್ತಿದ್ದರು ನಿಜ. ಆದರೆ ಆ ಗದ್ದೆಯನ್ನು ಉತ್ತವರು ಯಾರು, ಹೇಗೆ ಬಾಳಿದರು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ.

ಕಲ್ಲಿನ ನೆತ್ತಿಯ ಮೇಲೆ ಕುಂಕುಮವಿತ್ತು, ಬುಡದಲ್ಲಿ ಬಾಡಿದ ಚೆಂಡುಹೂ ಮತ್ತು ಅಡಿಕೆ, ಪಚ್ಚೆತೆನೆಯ ಸರವಿತ್ತು. ಗದ್ದೆಯಲ್ಲಿದ್ದ ಅಜ್ಜಿಯನ್ನು ಕೇಳಿದರೆ, “ಗೋಪೂಜೆ ದಿವ್ಸ ದನಾನೆಲ್ಲ ಇದ್ರ ಮುಂದೆ ದಾಟಿಸ್ಕಂಡು ಹೋಗ್ತೀವಿ ಮಾರಾಯ್ರೇ, ದನ ಕಾಯೋ ದೇವ್ರಿದು” ಎಂದರು. ಆ ಬರಹವನ್ನು ಅವರ ಮನೆಯಲ್ಲಿ ಯಾರೂ ಓದಿದವರಲ್ಲ. ಹೋರಿ ಹಬ್ಬಕ್ಕೆಂದು ಹೋರಿಗಳನ್ನು ಸಾಕುವ ಅವರ ಮೊಮ್ಮಕ್ಕಳೂ ಆ ಕಲ್ಲಿಗೆ ಕೈಮುಗಿದೇ ಹೊರಡುತ್ತಾರಂತೆ. ನನ್ನ ಕಣ್ಣು ತುಂಬಿ ಬಂತು, ಗೆಳೆಯಾ.

ಅರಮನೆಯ ಅಂಗಳದಲ್ಲಿ ಕಲ್ಲುಗಳು ಭದ್ರವಾಗಿವೆ, ನಿಜ. ಕಾಲುವೆಗೆ ಅಡ್ಡ ಹಾಸಿದ, ಕತ್ತಿ ಮಸೆಯಲು ಬಳಸಿದ ವೀರಗಲ್ಲುಗಳನ್ನೂ ಈ ಮೂರು ದಿನಗಳಲ್ಲಿ ಕಂಡೆ. ಅಂಥವನ್ನು ತಂದು ಉಳಿಸಿದವರಿಗೆ ನಾನು ಋಣಿ. ಆದರೂ ಜನ ಇನ್ನೂ ನೋಡಿಕೊಳ್ಳುತ್ತಿರುವ ಕಲ್ಲನ್ನು ಅದು ನೆಟ್ಟಲ್ಲಿಯೇ ಬಿಡಬೇಕೆಂದು ನನಗೆ ಈಗ ಗಟ್ಟಿಯಾಗಿ ಅನ್ನಿಸುತ್ತದೆ. ಆ ಕಾಡಂಚಿನಲ್ಲಿ ನಿಂತಾಗಲೇ, ಹಸುಗಳನ್ನು ಯಾವ ದಿಕ್ಕಿಗೆ ಹೊಡೆದುಕೊಂಡು ಹೋಗಿರಬೇಕು, ಅವನು ಎಲ್ಲಿ ಅಡ್ಡಗಟ್ಟಿರಬೇಕು ಎಂದು ನಾನು ಊಹಿಸಲು ಸಾಧ್ಯವಾಯಿತು. ಕಲ್ಲನ್ನು ಕಿತ್ತರೆ ಆ ದಿಕ್ಕು ಹೋಗುತ್ತದೆ.

ಕೆಳಗಿನ ಬರಹದ ಸಾಲು ಇನ್ನೂ ಕೆಸರಿನಲ್ಲಿ ಹೂತಿದೆ. ಅವನ ಹೆಸರು ಅಲ್ಲಿಯೇ ಇರಬೇಕು. ಶಾಸನ ಓದಬಲ್ಲ ಮೇಷ್ಟ್ರೊಬ್ಬರು ಬರುತ್ತೇನೆಂದಿದ್ದಾರೆ. ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಬನ್ನಿ ಎಂದು ಅಜ್ಜಿ ಹೇಳಿದ್ದಾರೆ. ಪುಷ್ಯದಲ್ಲಿ ನೀನು ಊರಿಗೆ ಬರುವುದು ನಿಶ್ಚಯವಾದರೆ ತಿಳಿಸು, ಅಲ್ಲಿಯವರೆಗೆ ಕಾಯುತ್ತೇವೆ.

ಇಂತು ನಿನ್ನ
ಗೆಳೆಯ